ಗಂಜಿ ಹಚ್ಚಿದ ನಾಯಿ

ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅದೇ ತೊಂದರೆ. ಹೇಳಿದಷ್ಟು ಸಲ ಒಂದೊಂದು ಎಳೆ ಸೇರಿಕೊಂಡು, ನಾನು ಕಣ್ಣಾರೆ ಕಂಡದ್ದೆಷ್ಟು, ಕೇಳುವವರ ಮುಖ ನೋಡಿ ಹೆಣೆದದ್ದೆಷ್ಟು ಎಂಬುದು ಈಗ ನನಗೇ ಖಚಿತವಿಲ್ಲ. ಹುನಗುಂದದ ಪಶು ಆಸ್ಪತ್ರೆಯಲ್ಲಿ ಚಿಗವ್ವ ಆ ಮಾತು ಆಡಿದಾಗ ನಾನು ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದೆನೋ, ಇನ್ನೂ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆನೋ? ಆ ನಾಯಿ ನಿಜವಾಗಿಯೂ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತೋ, ಹಾಗೆ ಮಲಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ನಾನೇ ಮಲಗಿಸಿದೆನೋ? ಕಾಕಾನನ್ನು ಕೇಳಿದರೆ ಒಂದು ಹೇಳುತ್ತಾರೆ. ಚಿಗವ್ವನನ್ನು ಕೇಳಿದರೆ, "ಹೋಗೋ, ಅದನ್ನೇನ್ ನೆನಪಿಟ್ಕೊಂಡ್ ಕುಂತಿ," ಅನ್ನುತ್ತಾಳೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನನ್ನ ನೆನಪು ಮಾತ್ರ. ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಬೇಕು.

ಚಿಗವ್ವ ನನ್ನ ತಾಯಿಯ ತಂಗಿ. ಇಳಕಲ್ಲಿನಲ್ಲಿ ಅವಳದು ಕೆಚ್ಚುವ ಕೆಲಸ. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಬೆರಳಲ್ಲೇ ಹೊಸೆದು ಜೋಡಿಸಬೇಕು. ಸಾವಿರಾರು ಎಳೆ. ಬೆರಳ ತುದಿಗೆ ಚೂರು ಬೂದಿ ಸೋಕಿಸಿಕೊಂಡು ಅವಳು ಅದನ್ನು ಮಾಡುವಾಗ ಕಣ್ಣು ಬೇರೆಲ್ಲೋ ಇರುತ್ತದೆ, ಬಾಯಿ ಪಕ್ಕದ ಮನೆಯವಳ ಜೊತೆ ಮಾತಿಗಿಳಿದಿರುತ್ತದೆ. ಅವಳ ಗಂಡ, ನಮ್ಮ ಕಾಕಾ, ಮೊಳಕಾಲು ನೋವಿನಿಂದಾಗಿ ಮಗ್ಗದ ಕುಣಿ ಬಿಟ್ಟೆದ್ದು, ಊರ ಹೊರಗಿನ ಗ್ರಾನೈಟ್ ವ್ಯಾಪಾರಿಯೊಬ್ಬರ ಬಂಗಲೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಓದಿದವನು, ಎರಡು ಸಲ ಅಳೆಯದೆ ಯಾವುದನ್ನೂ ನಂಬಬಾರದೆಂಬುದು ಅಲ್ಲಿಂದ ಅಂಟಿದ ಚಟ. ಈ ಚಟದಿಂದ ಮನೆಯವರಿಗೆ ಉಪಯೋಗವಾದದ್ದು ಕಡಿಮೆ.

ಆ ವ್ಯಾಪಾರಿಯನ್ನು ಊರವರೆಲ್ಲ ಕರೆಯುವಂತೆ ಸಾಹುಕಾರರು ಎಂದೇ ಕರೆಯುತ್ತೇನೆ. ಅವರು ದೂರದ ಯಾವುದೋ ನಗರದಿಂದ ಅಫ್ಘನ್ ಹೌಂಡ್ ಜಾತಿಯ ಹೆಣ್ಣುನಾಯಿಯೊಂದನ್ನು ತರಿಸಿದ್ದರು. ಕಾಕಾನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದ ಒಂದು ಬೆಳಿಗ್ಗೆ ನಾನದನ್ನು ಮೊದಲು ನೋಡಿದೆ. ಬಂಗಲೆಯ ಮುಂದೆ ಹೊಳಪು ಕೊಟ್ಟ ಕೆಂಪು ಕಲ್ಲಿನ ಅಂಗಳ. ಅದರ ಆ ತುದಿಯಿಂದ ಈ ತುದಿಗೆ ನಾಯಿ ನಡೆದು ಬಂತು. ಕಿವಿಯಿಂದ ಹಿಮ್ಮಡಿಯವರೆಗೆ ಬಲಿತ ಜೋಳದ ತೆನೆಯ ಬಣ್ಣದ ಕೂದಲು, ಹುರಿ ಮಾಡದ ರೇಷ್ಮೆಯ ಹಾಗೆ ಹೆಜ್ಜೆ ಹೆಜ್ಜೆಗೂ ಬೇರೆಯಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಬೆನ್ನಿನ ಉದ್ದಕ್ಕೂ ಮಾತ್ರ ಗಿಡ್ಡ ಕೂದಲಿನ ಒಂದು ಪಟ್ಟಿ. ಉದ್ದ ಮೋರೆ, ಅದರಲ್ಲಿ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಎರಡು ಕಣ್ಣು. ಹೊಳೆಯುವ ಕಲ್ಲಿನಲ್ಲಿ ಅದರ ಬಿಂಬ ತಲೆಕೆಳಗಾಗಿ ಜೊತೆಗೇ ನಡೆಯುತ್ತಿತ್ತು. ನನ್ನ ಪಕ್ಕದಲ್ಲೇ ಹಾದುಹೋಯಿತು, ಮೂಸಲೂ ಇಲ್ಲ. ಅದು ಹೋದ ಮೇಲೆ ನೋಡಿದರೆ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.

"ಎಲ್ಲಾರೂ ಹಂಗ ಏಳ್ತಾರ ತಮ್ಮಾ," ಎಂದರು ಕಾಕಾ. "ಮೊನ್ನೆ ಬ್ಯಾಂಕಿನ ಮ್ಯಾನೇಜರೂ ಎದ್ದ."

"ಎಷ್ಟಕ್ಕ ಬಂತು ಕಾಕಾ ಇದು?"

ಕಾಕಾ ಆಕಡೆ ಈಕಡೆ ನೋಡಿದರು. "ಒಂದ್ ಟ್ರ್ಯಾಕ್ಟರ್ ಅನ್ಕೋ."

"ಟ್ರೇಲರ್ ಸಮೇತ?"

"ಇಲ್ಲ. ಟ್ರೇಲರ್ ಸಮೇತ ಅಂದ್ರ ಟಿಬೆಟನ್ ಮಾಸ್ಟಿಫ್."

ಆ ನಾಯಿ ಬಂದ ಮೇಲೆ ಕಾಕಾ ಬೇರೆ ಮನುಷ್ಯರಾಗಿದ್ದರು. ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ಲೋಕದ ನಾಯಿಗಳನ್ನೆಲ್ಲ ನೋಡುತ್ತಿದ್ದರು. ಸಲೂಕಿ ಎಂಬುದು ಅರಬರ ನಾಯಿ, ಅದನ್ನು ಡೇರೆಯೊಳಗೆ ಮನೆಯವರ ಜೊತೆ ಮಲಗಿಸುತ್ತಾರೆ. ಬೋರ್ಜೋಯ್ ರಶ್ಯದ ಹಿಮದಲ್ಲಿ ತೋಳದ ಬೆನ್ನು ಹತ್ತುತ್ತಿತ್ತು. ಸಹಾರಾ ಮರಳಿನ ಅಂಚಿನಲ್ಲಿ ಅಜಾವಾಖ್ ಎಂಬುದೊಂದಿದೆ, ಚರ್ಮದ ಕೆಳಗಿನ ಎಲುಬು ಎಣಿಸಬಹುದು, ದುಡ್ಡಿದ್ದರೂ ಎಲ್ಲರಿಗೂ ಸಿಗುವುದಿಲ್ಲ. ಹೀಗೆ ಹೇಳುವಾಗ ಅವರ ದನಿ ಇಳಿಯುತ್ತಿತ್ತು. ಮಹಾಕೂಟದ ಗುಡಿಯ ಹೊಂಡದ ಮೆಟ್ಟಿಲ ಮೇಲೆ ನಿಂತು ಮಾತಾಡುವವರ ಹಾಗೆ. "ಇವೆಲ್ಲಾ ಕಣ್ಣಿಲೆ ನೋಡಿ ಓಡೂ ಜಾತಿ ತಮ್ಮಾ. ಮೂಗಿಲೆ ಹುಡಿಕ್ಯಾಡಕೋತ ಹೋಗೂವಲ್ಲ. ಕಂಡ್ರ ಮುಗೀತು." ನಾನು ಅರ್ಧ ಸುಳ್ಳಿರಬೇಕು ಎಂದುಕೊಂಡು ತಲೆ ಅಲ್ಲಾಡಿಸುತ್ತಿದ್ದೆ. ಚಿಗವ್ವನಿಗೆ ಅಷ್ಟೂ ತಾಳ್ಮೆಯಿರಲಿಲ್ಲ. "ಸ್ವಂತ ಬೀಗರ ಹೆಸರ ನೆನಪಿರೂದಿಲ್ಲ ಇವರಿಗೆ. ಸಹಾರಾದ ನಾಯಿ ಬೇಕು."

ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಒಬ್ಬರು ಬಂದು ನಾಯಿಯನ್ನು ತೊಳೆದು ಬಾಚಿ ಹೋಗುತ್ತಿದ್ದರು. ನಡುವಿನ ದಿನಗಳಲ್ಲಿ ಒಂದು ಬಾಟಲಿಯ ದ್ರವ ಸಿಂಪಡಿಸಿ, ಅಗಲ ಹಲ್ಲಿನ ಹಣಿಗೆಯಿಂದ ಬಾಚುವುದು ಕಾಕಾನ ಕೆಲಸ. ಮುಂದಿನ ಬೇಸಿಗೆಯಲ್ಲಿ ಸಾಹುಕಾರರ ಮನೆಯವರೆಲ್ಲ ಮದುವೆಗೆಂದು ಹತ್ತು ದಿನ ಊರು ಬಿಟ್ಟರು. ಅವರು ಮರಳುವ ಮೊದಲೇ ಬಾಟಲಿ ಖಾಲಿಯಾಯಿತು. ಬಿಸಿಗಾಳಿಗೆ ಕೂದಲು ಸಿಕ್ಕುಸಿಕ್ಕಾಗಿ, ತುದಿಯಲ್ಲಿ ಕೆದರತೊಡಗಿತು. ನೂಲು ಹೀಗೆ ಕೆದರಿದರೆ ಏನು ಮಾಡಬೇಕೆಂದು ಇಳಕಲ್ಲಿನ ಯಾವ ನೇಕಾರನನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಗಂಜಿ ಹಚ್ಚಬೇಕು.

ಕಾಕಾ ಅದನ್ನೇ ಮಾಡಿದರು. ಅಂಟುವಾಳದಲ್ಲಿ ನಾಯಿಯನ್ನು ತೊಳೆದರು. ತೆಳ್ಳಗೆ ಗಂಜಿ ಕಾಯಿಸಿ, ಸೋಸಿ, ಆರಿಸಿ, ಹಾಸಿನ ಎಳೆಗಳಿಗೆ ಗಂಜಿ ಎಳೆಯುವ ಹಳೆಯ ಕುಂಚವನ್ನು ಮನೆಯ ಅಟ್ಟದಿಂದ ತಂದು, ಬೆನ್ನಿನಿಂದ ಕೆಳಕ್ಕೆ ಒಂದೇ ಸಮನೆ ಎಳೆದರು. ಅರ್ಧ ತಾಸು ಆ ನಾಯಿ ಹಿಂದೆಂದೂ ಇಲ್ಲದಷ್ಟು ಹೊಳೆಯಿತೆಂದು ಇವತ್ತಿಗೂ ಹೇಳುತ್ತಾರೆ. ಒಂದು ಫೋಟೋ ಇದೆ. ಹೊಳೆಯುತ್ತಿರುವುದು ನಿಜ, ಆದರೆ ಬಿಸಿಲೂ ಇತ್ತು.

ಒಣಗಲೆಂದು ಬಂಗಲೆಯ ಜಗಲಿಯಲ್ಲಿ ಕಟ್ಟಿದ್ದ ನಾಯಿಗೆ ಮೈಯೆಲ್ಲ ಬಿಗಿಯತೊಡಗಿರಬೇಕು. ಕೊರಳ ಪಟ್ಟಿಯಿಂದ ತಲೆ ನುಣುಚಿಸಿಕೊಂಡು ಓಡಿತು. ಕಲ್ಲು ಕೊಯ್ಯುವ ಕಾರ್ಖಾನೆಗಳ ಹಿಂದೆ ಬೂದು ಬಣ್ಣದ ಕೆಸರು ನಿಂತಿರುತ್ತದೆ, ಕಲ್ಲಿನ ಪುಡಿ ಕಲೆತ ನೀರು. ಅದರಲ್ಲಿ ಬಿದ್ದು ಹೊರಳಾಡಿತು. ಅಲ್ಲಿಂದ ಉತ್ತರಾಣಿ ಗಿಡಗಳ ನಡುವೆ ನುಗ್ಗಿ, ಅದರ ಮುಳ್ಳುಬೀಜ ಮೈತುಂಬ ಹತ್ತಿಸಿಕೊಂಡು, ಸಂಜೆಗೆ ತಾನಾಗಿಯೇ ಮರಳಿತು. ಒಣಗಿದ ಮೇಲೆ ಝಾಡಿಸಿದರಾಯಿತು ಅಂದುಕೊಂಡರು ಕಾಕಾ. ಮರುದಿನದ ಬಿಸಿಲಿಗೆ ಗಂಜಿ, ಕಲ್ಲುಪುಡಿ, ಕೂದಲು ಮೂರೂ ಸೇರಿ ಗಟ್ಟಿಯಾದವು. ಎರಡು ದಿನ ಯಾರಿಗೂ ಹೇಳದೆ ಹಣಿಗೆ ಹಿಡಿದು ಗುದ್ದಾಡಿ, ಮೂರನೆಯ ದಿನ ನನಗೆ ಫೋನು ಮಾಡಿದರು.

"ಮಾಸ್ತರ, ಕಾರ್ ತಗೊಂಡ್ ಬಾ. ಯಾಕ ಅಂತ ಕೇಳಬ್ಯಾಡ."

"ಯಾರಿಗೇನಾತ್ರಿ?"

"ಮಂದಿಗೆ ಏನೂ ಆಗಿಲ್ಲ."

ಶಿರೂರು ದಾಟುವವರೆಗೆ ಕಾಕಾನನ್ನು ಬೈದುಕೊಳ್ಳುತ್ತಿದ್ದೆ. ಆಮೇಲೆ ಯಾಕೋ ಹೆದರಿಕೆಯಾಗಿ ಸುಮ್ಮನೆ ಗಾಡಿ ಓಡಿಸಿದೆ.

ಕಾಕಾ ಆಗತಾನೇ ಬಂಗಲೆಯಿಂದ ಕರೆತಂದಿದ್ದ ನಾಯಿ ಚಿಗವ್ವನ ಮನೆಯ ಹಿತ್ತಲ ಮೂಲೆಯಲ್ಲಿ ನಿಂತಿತ್ತು. ಕೂತರೆ ಚರ್ಮ ಎಳೆಯುತ್ತಿದ್ದುದರಿಂದ ನಿಂತೇ ಇತ್ತು. ಬಂಗಲೆಯ ಅಂಗಳದಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ ಆ ಕೂದಲು ಬೂದು ಬಣ್ಣದ ಹಲಗೆಗಳಾಗಿ ಮೈಗೆ ಜೋತುಬಿದ್ದಿತ್ತು. ಒಂದು ಹೆಜ್ಜೆ ಇಟ್ಟರೆ ಹಲಗೆ ಹಲಗೆಗೆ ಬಡಿದು ಟಕ್ ಎನ್ನುತ್ತಿತ್ತು. ಬಗಲಲ್ಲಿ ಚರ್ಮ ಕೆಂಪಗೆ ಸುಲಿದು, ನೊಣ ಮುತ್ತುತ್ತಿದ್ದವು. ಎರಡು ದಿನದಿಂದ ತಿಂದಿರಲಿಲ್ಲ. ಕಣ್ಣು ಮಾತ್ರ ಹಾಗೇ ಇತ್ತು, ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಂತೆ.

ಚಿಗವ್ವ ಆಗಷ್ಟೇ ಸಂಗತಿ ತಿಳಿದು ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ರೇಶ್ಮಿಗೆ ಯಾರರ ಗಂಜಿ ಹಾಕ್ತಾರೇನ್ರಿ? ಇಷ್ಟ ವರ್ಷ ಮಗ್ಗದಾಗ ಕುಂತು ಏನ್ ಕಲತ್ರಿ?"

"ನಾ ಹತ್ತಿ ಇದ್ದಂಗ ಅಂತ ತಿಳದೆ."

"ಹತ್ತಿ ಬೊಗಳತೈತೇನು?"

ಸಾಹುಕಾರರಿಗೆ ಫೋನು ಮಾಡಿ ಹೇಳಿಬಿಡೋಣ ಎಂದೆ. ಕಾಕಾ ನಾಯಿಯ ಬಾಯಿಯ ಹತ್ತಿರ ನೀರಿನ ಬಟ್ಟಲು ಹಿಡಿದು ಕೂತಿದ್ದರು. ಅದು ಮುಖ ತಿರುಗಿಸಿದಾಗ ಬಟ್ಟಲನ್ನೂ ಆಕಡೆ ತಿರುಗಿಸುತ್ತಿದ್ದರು. "ಇದು ಹೋತು ಅಂದ್ರ ನಾ ಈ ಊರಾಗ ಇರೂದಿಲ್ಲ ತಮ್ಮಾ," ಎಂದರು. ಕೆಲಸ ಹೋದೀತೆಂಬ ಹೆದರಿಕೆಯಿಂದ ಆಡಿದ ಮಾತೆಂದು ನನಗೆ ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಮೂವರೂ ನಾಯಿಯನ್ನು ಎತ್ತಿ ಕಾರಿಗೆ ಹಾಕಿದೆವು. ಚಿಗವ್ವ ಹಿಂದಿನ ಸೀಟಿನಲ್ಲಿ ಅದರ ಪಕ್ಕ ಕೂತಳು. ಹುನಗುಂದದವರೆಗೂ ಆ ಹಲಗೆಗಳ ಸಂದಿಯಲ್ಲಿ ಕೈ ತೂರಿಸಿಕೊಂಡು, ಒಳಗಿನ ಮೈಯನ್ನು ತಡವುತ್ತ ಕೂತಿದ್ದಳು. ನಾನು ಕನ್ನಡಿಯಲ್ಲಿ ನೋಡಿದೆ. ಅಥವಾ ನೋಡಿದೆನೆಂದು ನೆನಪು.

ಪಶುವೈದ್ಯರು ತಾಳ್ಮೆಯ ಮನುಷ್ಯ. ಸುತ್ತ ಒಂದು ಸಲ ನೋಡಿದರು, ಬಗಲಿನ ಗಾಯ ಮುಟ್ಟಿದರು. ನಾಯಿ ಹಲ್ಲು ತೋರಿಸಿತು.

"ನೋಡ್ರಿ ಸರ್, ಈ ಜಾತಿ ನಾ ಪುಸ್ತಕದಾಗ ನೋಡೇನಿ, ಕೈಯಾಗ ಹಿಡದಿಲ್ಲ. ಈಗ ಪೂರಾ ಬೋಳಸೂದ ಒಂದ ದಾರಿ. ಎಚ್ಚರ ಇದ್ದಾಗ ಮಾಡಗೊಡೂದಿಲ್ಲ. ನಿದ್ದಿ ಇಂಜೆಕ್ಷನ್ ಕೊಡಬೇಕಾಗತೈತಿ. ಇಲ್ಲೊಂದು ಸಹಿ ಹಾಕ್ರಿ."

ನನಗದು ಸರಿ ಕಂಡಿತು. ಕೂದಲು ಮತ್ತೆ ಬೆಳೆಯುತ್ತದೆ, ನಾಯಿ ಉಳಿಯುತ್ತದೆ. ಪೆನ್ನು ತೆಗೆದೆ. ಆಗಲೇ, ನನ್ನ ನೆನಪಿನಲ್ಲಿ, ಬಾಗಿಲ ಬಳಿಯಿಂದ ಚಿಗವ್ವ ಹೇಳಿದಳು: "ನಿದ್ದಿ ಮದ್ದ ಬ್ಯಾಡ್ರಿ ಡಾಕ್ಟರ. ಈ ಜಾತಿ ಏಳೂದಿಲ್ಲ."

"ಯಾವ ಜಾತಿರಿ ಅವ್ವಾರ?"

"ಇದ. ಎದಿ ಆಳ, ನಡಾ ಸಣ್ಣ, ಹೊಟ್ಟಿ ಬೆನ್ನಿಗೆ ಹತ್ತಿದ್ದು. ನಮ್ಮಪ್ಪಂದು ಇಂಥಾದ್ದ ಇತ್ತು."

"ಚಿಗವ್ವಾ, ಅಜ್ಜಂದು ಬ್ಯಾಟಿನಾಯಿ," ಎಂದೆ ನಾನು. "ಇದು ಅಫ್ಘಾನಿಸ್ತಾನದ್ದು."

"ಅಫ್ಘಾನಿಸ್ತಾನದಾಗ ನಾಯಿಗೆ ಎರಡೆರಡ ಎದಿ ಇರತಾವೇನು?"

ಅಜ್ಜನ ನಾಯಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿ ಅಜ್ಜನ ಹೊಲವಿತ್ತು. ಕಾಡುಹಂದಿ ಬರದಂತೆ ಕಾಯಲು ಒಂದು ಬೇಟೆನಾಯಿ ಸಾಕಿದ್ದ. ನಮ್ಮ ಕಡೆಯ ಉದ್ದ ಕಾಲಿನ, ಕೋಲು ಮುಖದ, ಗಾಳಿಯಲ್ಲಿ ಕೊರೆದಂಥ ನಾಯಿ. ಒಮ್ಮೆ ಹಂದಿ ಅದರ ತೊಡೆ ಸೀಳಿತು. ಹೊಲಿಗೆ ಹಾಕಲು ಆ ಕಾಲದ ಡಾಕ್ಟರು ನಿದ್ದೆಯ ಸೂಜಿ ಚುಚ್ಚಿದರು. ಹೊಲಿಗೆ ಚೆನ್ನಾಗಿ ಬಿತ್ತು. ನಾಯಿ ಏಳಲಿಲ್ಲ. ಆಗ ಹತ್ತು ವರ್ಷದವಳಾಗಿದ್ದ ಚಿಗವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದಳಂತೆ, ಈಗ ಎದ್ದೀತು, ಈಗ ಎದ್ದೀತು ಎಂದು.

ನಾನು ಕಲಿತವನು. ಒಂದು ನಾಯಿ ಸತ್ತದ್ದರಿಂದ ಏನೂ ಸಾಬೀತಾಗುವುದಿಲ್ಲ, ಗಾಯ ಆಳವಿದ್ದಿರಬಹುದು, ರಕ್ತ ಹೋಗಿದ್ದಿರಬಹುದು, ಔಷಧ ಹೆಚ್ಚಾಗಿರಬಹುದು ಎಂದು ಆ ಆಸ್ಪತ್ರೆಯಲ್ಲಿ ನಿಂತು ವಿವರಿಸಿದೆ. ಚಿಗವ್ವ ಪೂರ್ತಿ ಕೇಳಿಸಿಕೊಂಡಳು.

"ನಿನಗ ಎಷ್ಟ ನಾಯಿ ಸಾಯಬೇಕೋ ತಮ್ಮಾ?"

ಈ ಮಾತು ಮಾತ್ರ ಅವಳು ಆಡಿದ್ದು ಖರೆ. ಇದನ್ನು ನಾನು ಕಟ್ಟಿರಲಾರೆ. ನನ್ನ ವಿರುದ್ಧ ಇಷ್ಟು ಚೆನ್ನಾಗಿ ಕಟ್ಟುವ ಶಕ್ತಿ ನನಗಿಲ್ಲ.

ವೈದ್ಯರು ಕಾಗದವನ್ನು ಪಕ್ಕಕ್ಕಿಟ್ಟರು. ಮದ್ದು ಬೇಡವಾದರೆ ಮತ್ತೇನು ಮಾಡುತ್ತೀರಿ ಎಂದು ಕೇಳಿದರು. "ಬಿಡಸ್ತೇನ್ರಿ," ಎಂದಳು ಚಿಗವ್ವ. ಬರೀ ಕೈಯಿಂದಲೇ ಎಂದು ಕೇಳಿದರು. ಹೂಂ ಎಂದಳು. ವೈದ್ಯರು ನನ್ನತ್ತ ನೋಡಿದರು, ನಾನು ಸೂರಿನತ್ತ.

"ನಾಳೆ ಮಧ್ಯಾಹ್ನ ಹನ್ನೆರಡರ ತನಕ ನೋಡೂಣ್ರಿ. ಅಷ್ಟರೊಳಗ ಚರ್ಮಕ್ಕ ಗಾಳಿ ತಾಗಬೇಕು, ಇಲ್ಲಾಂದ್ರ ಗಾಯಕ್ಕ ಹುಳ ಬೀಳತಾವು. ಆಮ್ಯಾಲ ನೀವು ಬ್ಯಾಡ ಅಂದ್ರೂ ನಾ ಕೇಳೂದಿಲ್ಲ." ಗಾಯಕ್ಕೆ ಮುಲಾಮು ಕೊಟ್ಟು, ಬೇರೆ ಸೂಜಿಯೊಂದನ್ನು ಹಾಕಿ ಕಳಿಸಿದರು.

ಇಳಕಲ್ಲಿಗೆ ಮರಳುವ ದಾರಿಯಲ್ಲಿ ಪೆಟ್ರೋಲು, ಸೀಮೆಎಣ್ಣೆ, ತಲೆಗೂದಲಿಗೆ ಹಚ್ಚುವ ಬೇರೆ ಬೇರೆ ದ್ರವ, ಹೀಗೆ ನನಗೆ ತಿಳಿದ ರಾಸಾಯನಿಕಗಳನ್ನೆಲ್ಲ ಒಂದೊಂದಾಗಿ ಸೂಚಿಸಿದೆ. ಚಿಗವ್ವ ಹಿತ್ತಲಿಗೆ ಹೋದವಳೇ ಹಂಡೆಗೆ ನೀರು ತುಂಬಿಸಿದಳು. "ಗಂಜಿ ಬಿಡಸಾಕ ಉಗರಬೆಚ್ಚನ ನೀರ ಸಾಕು. ಅಷ್ಟೂ ಗೊತ್ತಿಲ್ಲೇನ್ ನಿನಗ?" ಪಿಷ್ಟ ನೀರಿನಲ್ಲಿ ಉಬ್ಬಿ ಸಡಿಲವಾಗುತ್ತದೆ. ಅದನ್ನು ನಾನು ವರ್ಷಕ್ಕೊಮ್ಮೆ ಕಪ್ಪು ಹಲಗೆಯ ಮೇಲೆ ಬರೆದು ಅಳಿಸುತ್ತೇನೆ.

ಹಳೆಯ ಸೀರೆಗಳನ್ನು ಆ ನೀರಿನಲ್ಲಿ ಅದ್ದಿ ನಾಯಿಗೆ ಸುತ್ತಿದೆವು. ಕಾಕಾ ಚೊಂಬಿನಿಂದ ಮೇಲೆ ಮೇಲೆ ನೀರು ಬಿಡುತ್ತ ಹೋದರು. ನನ್ನ ಕೆಲಸ ತಲೆ ಹಿಡಿದುಕೊಳ್ಳುವುದು. ಒಂದು ತಾಸಿನ ನಂತರ ಚಿಗವ್ವ ಒಂದು ಪಕ್ಕದ ಸೀರೆ ಸರಿಸಿ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಶುರು ಮಾಡಿದಳು.

ನಾನು ಅದನ್ನು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ. ಹಲಗೆಯ ತುದಿಯಿಂದ, ಅಂದರೆ ಚರ್ಮದಿಂದ ಅತಿ ದೂರದ ಕಡೆಯಿಂದ ಸುರು. ಎಡಗೈಯ ಎರಡು ಬೆರಳು ಕೂದಲಿನ ಬುಡವನ್ನು ಹಿಡಿದಿರುತ್ತಿದ್ದವು, ಎಳೆತ ಚರ್ಮಕ್ಕೆ ತಾಕದ ಹಾಗೆ. ಬಲಗೈಯ ಹೆಬ್ಬೆರಳು ತೋರುಬೆರಳು ಹತ್ತು ಹನ್ನೆರಡು ಕೂದಲನ್ನು ಬೇರ್ಪಡಿಸಿ, ಹೊಸೆದು, ಹೊಸೆದದ್ದನ್ನು ಹಿಂದಕ್ಕೆ ಬಿಚ್ಚಿ, ಒಳಗಿದ್ದ ಉತ್ತರಾಣಿಯ ಬೀಜವನ್ನು ಉಗುರಿನಿಂದ ಚಿಮ್ಮಿ ಹಾಕುತ್ತಿದ್ದವು. ಕೆಚ್ಚುವುದರ ತಿರುವುಮುರುವು. ಅಲ್ಲಿ ಎರಡು ಎಳೆ ಒಂದಾಗುತ್ತಿದ್ದವು, ಇಲ್ಲಿ ಒಂದಾದದ್ದು ಸಾವಿರವಾಗುತ್ತಿತ್ತು. ಮೊದಲ ಒಂದು ತಾಸು ನಾಯಿ ಗುರುಗುಟ್ಟಿತು. ಎರಡು ಸಲ ನನ್ನ ಕೈಯ ಚರ್ಮಕ್ಕೆ ಹಲ್ಲು ತಾಗಿಸಿತು. "ಬಾ ನಮ್ಮವ್ವ, ಆತು, ಆತು," ಎನ್ನುತ್ತಿದ್ದಳು ಚಿಗವ್ವ. ಪಕ್ಕದ ಮನೆಯ ಮಗ್ಗ ಲಟಕ್ ಲಟಕ್ ಎನ್ನುತ್ತಲೇ ಇತ್ತು. ಅವಳ ಬೆರಳು ಆ ತಾಳಕ್ಕೆ ಸೇರಿಕೊಂಡಂತೆ ಕಾಣುತ್ತಿತ್ತು. ನಿಧಾನವಾಗಿ ನಾಯಿಯ ಉಸಿರೂ ಅದಕ್ಕೆ ಸೇರಿತು.

ನಾನೊಮ್ಮೆ ತಾಳ್ಮೆಗೆಟ್ಟು, ಗಟ್ಟಿ ಇರುವಲ್ಲಿ ಕತ್ತರಿ ಹಾಕಬಾರದೇ ಎಂದೆ.

"ಎಳಿ ಕತ್ತರಿಸಿದ್ರ ಆಮ್ಯಾಲ ಕೆಚ್ಚಬೇಕಾಗತೈತಿ," ಎಂದಳು. "ನಾಯಿ ಕೂದಲ ಯಾರ್ ಕೆಚ್ಚೋರು? ನೀ?"

ಬೆಳಕಿರುವಷ್ಟು ಹೊತ್ತು ಮಾಡಿ ನಿಲ್ಲಿಸಿದಳು. ಮರುದಿನ ಬೆಳಗಾಗುತ್ತಲೇ ಮತ್ತೆ ಕೂತಳು. ಒಂದೊಂದು ಹಲಗೆ ಬಿಚ್ಚಿದಂತೆ ಅದರ ಹಿಂದಿನ ಮೈ ಕಾಣತೊಡಗಿತು. ಆಳವಾದ ಎದೆ, ಅಲ್ಲಿಂದ ಒಮ್ಮೆಲೇ ಮೇಲಕ್ಕೇರುವ ಹೊಟ್ಟೆ, ಉದ್ದನೆಯ ತೊಡೆಯ ಸ್ನಾಯು. ಒದ್ದೆ ಕೂದಲು ಮೈಗಂಟಿದಾಗ ನಾನೂ ನೋಡಿದೆ. ಬಾದಾಮಿಯ ಆ ಹೊಲದ ಬದುವಿನ ಮೇಲೆ ನಾನು ಹುಡುಗನಾಗಿದ್ದಾಗ ನೋಡಿದ್ದ ನಾಯಿಗಳ ಮೈ ಅದು. ಗೆರೆಗೆ ಗೆರೆ ಅದೇ. ಸಹಾರಾದ್ದು, ರಶ್ಯದ್ದು, ಅರಬರದು ಎಂದು ಕಾಕಾ ಮೊಬೈಲಿನಲ್ಲಿ ತೋರಿಸಿದ್ದವೆಲ್ಲ ಒಂದರ ಹಿಂದೊಂದು ನೆನಪಾದವು. ಕಣ್ಣಿಂದ ನೋಡಿ ಓಡುವವು. ಎಲ್ಲಿಯ ಮರಳು, ಎಲ್ಲಿಯ ಹಿಮ, ಎಲ್ಲಿಯ ನಮ್ಮ ಎರೆಹೊಲ. ಒಂದೇ ಆಕಾರ ಅಷ್ಟು ದೂರ ನಡೆದು ಇಳಕಲ್ಲಿನ ಒಂದು ಹಿತ್ತಲಲ್ಲಿ ಒದ್ದೆಯಾಗಿ ನಿಂತಿತ್ತು. ನನ್ನ ಕೈ ಅದರ ತಲೆಯ ಮೇಲೆ ಹಾಗೇ ಇತ್ತು. ತೆಗೆಯಲು ಮನಸ್ಸಾಗಲಿಲ್ಲ.

"ನಾ ಹೇಳಲಿಲ್ಲಾ?" ಎಂದಳು ಚಿಗವ್ವ, ತಲೆಯೆತ್ತದೆ. "ನಮ್ಮಪ್ಪನ ನಾಯಿನ ಇದು. ಸೀರಿ ಉಟ್ಟೈತಿ, ಅಷ್ಟ."

ಕಾಕಾ ಚೊಂಬು ಕೆಳಗಿಟ್ಟು ಅಲ್ಲೇ ಗೋಡೆಗೊರಗಿ ಕೂತರು. ನಾಯಿ ಚಿಗವ್ವನ ತೊಡೆಯ ಮೇಲೆ ತಲೆಯಿಟ್ಟದ್ದು ಆಗಲೇ. ಇಟ್ಟಿತು ಎಂದು ನಾನು ಹೇಳುತ್ತೇನೆ. ಬರೀ ಮೊಳಕಾಲಿಗೆ ಒರಗಿತ್ತೆಂದು ಕಾಕಾ ಹೇಳುತ್ತಾರೆ. ಕತ್ತರಿಯನ್ನು ಕೊನೆಗೂ ಮುಟ್ಟಲಿಲ್ಲವೆಂದೂ ಅವರು ವಾದಿಸುತ್ತಾರೆ. ಅದು ಸುಳ್ಳು. ಕಿವಿಯ ಹಿಂದೆ ಎರಡು ಕಡೆ ಬಿಡಿಸಲಾಗದೆ ಚಿಗವ್ವ ಕತ್ತರಿಸಿದಳು. ಮರುವಾರದ ಫೋಟೋದಲ್ಲಿ ಎಡಕಿವಿಯ ಹಿಂದಿನ ಬೋಳು ಕಾಣಿಸುತ್ತದೆ. ಕತ್ತರಿಸುವಾಗ ಅವಳ ಮುಖ, ಹಾಸು ಹರಿದಾಗ ಆಗುವಂತೆ ಆಗಿತ್ತು.

ಹನ್ನೆರಡಕ್ಕೆ ಸ್ವಲ್ಪ ಮೊದಲು ಹುನಗುಂದ ತಲುಪಿದೆವು. ನಾಯಿ ಕಾರಿನಿಂದ ತಾನೇ ಇಳಿದು ನಡೆದು ಬಂತು. ಕೂದಲಿಗೆ ಇನ್ನೂ ಹೊಳಪಿರಲಿಲ್ಲ, ಆದರೆ ಎಳೆ ಎಳೆಯಾಗಿ ಅಲುಗುತ್ತಿತ್ತು. ವೈದ್ಯರು ಮೇಜಿನ ಹಿಂದಿನಿಂದ ಎದ್ದರು. ಬಗಲು, ಕಿಬ್ಬೊಟ್ಟೆ, ಬಾಲದ ಬುಡ, ಎಲ್ಲವನ್ನೂ ಕೂದಲು ಸರಿಸಿ ಸರಿಸಿ ನೋಡಿದರು. ಗಾಯ ಒಣಗತೊಡಗಿತ್ತು. "ಕೈ ತೋರಸ್ರಿ ಅವ್ವಾರ," ಎಂದರು. ಚಿಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೆರಳ ತುದಿಗಳೆಲ್ಲ ನೀರಿನಲ್ಲಿ ನೆನೆದು ಬೇಳೆಯಂತೆ ಉಬ್ಬಿದ್ದವು. ಹೊರಡುವ ಮುಂಚೆ ನಾನು ನೋಡಿದ್ದೆ.

ಸಾಹುಕಾರರು ಬಂದ ದಿನ ಕಾಕಾ ಯಾರ ಮಾತೂ ಕೇಳದೆ, ಗೇಟಿನಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದರು. ಸಾಹುಕಾರರದೂ ಒಂದು ಕಾಲಕ್ಕೆ ನೇಯುವ ಮನೆತನ.

"ಗಂಜಿ?"

"ಹೌದ್ರಿ."

"ಅಕ್ಕಿದೋ ಜ್ವಾಳದ್ದೋ?"

"ಜ್ವಾಳದ್ರಿ."

"ಅದಕ್ಕ ನೀರಿಗೆ ಬಿಟ್ಟೈತಿ," ಎಂದು ಒಳಗೆ ಹೋದರಂತೆ. ಕಾಕಾ ಇವತ್ತಿಗೂ ಅಲ್ಲೇ ಇದ್ದಾರೆ. ಕುಂಚ ಮಾತ್ರ ಮನೆಯಲ್ಲಿಲ್ಲ. ಚಿಗವ್ವ ಅದನ್ನು ಯಾರಿಗೋ ಕೊಟ್ಟುಬಿಟ್ಟಳು.

ಒಂದೆರಡು ತಿಂಗಳಾದ ಮೇಲೆ ಒಂದು ಮುಂಜಾನೆ, ಖಾಲಿಯಾದ ಹಳೆಯ ಕಲ್ಲಿನ ಕ್ವಾರಿಯ ಪಕ್ಕದ ಬಯಲಿನಲ್ಲಿ ಆ ನಾಯಿ ಓಡುವುದನ್ನು ನೋಡಿದೆ. ಕಾಕಾ ಪಟ್ಟಿ ಬಿಚ್ಚಿದರು. ಅದು ಮೊದಲು ನಿಂತು ದೂರ ನೋಡಿತು. ಏನನ್ನು ಕಂಡಿತೋ. ಆಮೇಲೆ ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಟ್ಟವು. ಕೂದಲೆಲ್ಲ ಹಿಂದಕ್ಕೆ ಹಾರಿ, ಆ ತೆನೆಬಣ್ಣದ ನಡುವೆ ಅಜ್ಜನ ಹೊಲದ ನಾಯಿ ಒಂದು ಕ್ಷಣ ಬಿಡಿಯಾಗಿ ಕಂಡು, ಮತ್ತೆ ಮುಚ್ಚಿಕೊಂಡಿತು. ಚಿಗವ್ವ ಬಂದಿದ್ದಳು. ಸೆರಗನ್ನು ಹಣೆಯ ಮೇಲೆ ಹಿಡಿದು ನೋಡುತ್ತಿದ್ದಳು.

ಆದರೆ ನನ್ನ ಚಟ ಹೋಗಲಿಲ್ಲ. ಹುನಗುಂದದ ವೈದ್ಯರನ್ನು ಆಮೇಲೆ ಭೇಟಿಯಾದಾಗ, ಅವತ್ತು ಯಾವ ಔಷಧ ಕೊಡಬೇಕೆಂದಿದ್ದಿರಿ ಎಂದು ಕೇಳಿದೆ. ಈಗಿನ ಕಾಲದ್ದೊಂದರ ಹೆಸರು ಹೇಳಿದರು. ಬಹುಶಃ ಏನೂ ಆಗುತ್ತಿರಲಿಲ್ಲ ಎಂದೂ ಹೇಳಿದರು. ಇರಬಹುದು. ಚಿಗವ್ವನನ್ನು ಕೇಳಿದೆ, "ಈ ಜಾತಿ ಏಳೂದಿಲ್ಲ ಅಂತ ಅಂದಿದ್ದಿ, ನೆನಪೈತೇನು?" "ಹಂಗ ಅಂದಿದ್ನೇನು?" ಎಂದು ಹಾಸಿನ ಕಡೆ ತಿರುಗಿದಳು. ಆ ಮಾತನ್ನು ಎಲ್ಲಿಯೋ ಓದಿ ನಾನೇ ಅವಳ ಬಾಯಿಗೆ ತುರುಕಿದೆನೇನೋ ಎಂಬ ಅನುಮಾನ ಅಂದಿನಿಂದ ಬಿಟ್ಟಿಲ್ಲ.

ಮಾತು ಯಾರದೇ ಇರಲಿ, ನಿಜವೋ ಅಲ್ಲವೋ ನೋಡೋಣವೆಂದು ಪಶುವೈದ್ಯ ವಿಜ್ಞಾನ ಕಲಿಸುವ ಗೆಳೆಯನೊಬ್ಬನ ಬಳಿ ಹೋಗಿ, ಅವನ ಕಪಾಟಿನ ಪುಸ್ತಕಗಳಲ್ಲಿ ಎರಡನ್ನು ತೆಗೆಸಿ ನೋಡಿದೆ. ಎರಡರಲ್ಲೂ ಇತ್ತು. ಕಣ್ಣಿಂದ ನೋಡಿ ಬೇಟೆಯಾಡುವ, ಕೊಬ್ಬಿಲ್ಲದ ಮೈಯ ಉದ್ದ ನಾಯಿಗಳಲ್ಲಿ, ಅಜ್ಜನ ಕಾಲದಲ್ಲಿ ಬಳಸುತ್ತಿದ್ದ ಒಂದು ಬಗೆಯ ನಿದ್ದೆಯ ಔಷಧ ಬೇಗ ಕರಗುವುದಿಲ್ಲ. ಬೇರೆ ನಾಯಿಗಳು ಎದ್ದು ಕೂರುವ ಪ್ರಮಾಣಕ್ಕೆ ಇವು ಬಹಳ ಹೊತ್ತು ಏಳುವುದಿಲ್ಲ, ಕೆಲವು ಏಳುವುದೇ ಇಲ್ಲ.